ಮಳೆಗಾಲ ಮತ್ತು ಚಳಿಗಾಲದ ಬೆಂಗಳೂರಿನಲ್ಲಿ ಕೈತೋಟ: ತೊಂದರೆಗಳನ್ನು ಗುರುತಿಸಿ ಸರಿಪಡಿಸುವ ಕ್ರಮ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜೂನ್‌ನಿಂದ ಜನವರಿಯವರೆಗೆ ತೋಟಕ್ಕೆ ಒದಗುವ ಹವೆ ಬಯಲುಸೀಮೆಯ ಬೇರೆ ಊರುಗಳಿಗಿಂತ ತಂಪಾದದ್ದು ಮತ್ತು ತೇವವಾದದ್ದು. ಮುಂಗಾರಿನ ಸೋನೆ, ಸೆಪ್ಟೆಂಬರ್–ಅಕ್ಟೋಬರ್‌ನ ಜೋರು ಮಳೆ, ಅದರ ಬೆನ್ನಿಗೇ ಬರುವ ಮಾಗಿಯ ಚಳಿ ಮತ್ತು ಬೆಳಗಿನ ಇಬ್ಬನಿ, ಇವೆಲ್ಲ ಎಲೆಕೋಸು, ಬೀನ್ಸ್, ಮೂಲಂಗಿ, ಸೊಪ್ಪುಗಳಿಗೆ ಎಷ್ಟು ಹಿತವೋ ಶಿಲೀಂಧ್ರಗಳಿಗೂ ಅಷ್ಟೇ ಹಿತ. ಈ ತಿಂಗಳುಗಳಲ್ಲಿ ಎಲೆ ಹಳದಿಯಾದೊಡನೆ ನರ್ಸರಿಗೆ ಹೋಗಿ ಯಾವುದಾದರೊಂದು ಔಷಧದ ಬಾಟಲಿ ತಂದು ಸಿಂಪಡಿಸುವುದು ಬಹಳ ಮನೆಗಳಲ್ಲಿ ರೂಢಿಯಾಗಿದೆ. ಆದರೆ ತಾರಸಿ ಮತ್ತು ಬಾಲ್ಕನಿಯ ಗಿಡಗಳು ಈ ಕಾಲದಲ್ಲಿ ಸೊರಗುವುದಕ್ಕೆ ಬಹುಪಾಲು ಕಾರಣ ಬೇರಿನ ಬಳಿ ನಿಂತ ನೀರು, ಆಡದ ಗಾಳಿ ಮತ್ತು ಸಾಲದ ಬಿಸಿಲು. ಆದ್ದರಿಂದ ಮೊದಲು ನೀರು, ಆಮೇಲೆ ಗಾಳಿ–ಬೆಳಕು, ಇವೆರಡೂ ಸರಿಯಾದ ಮೇಲೆ ಮಾತ್ರ ಔಷಧ ಎಂಬ ಕ್ರಮದಲ್ಲಿ ಈ ಲೇಖನವನ್ನು ಬರೆದಿದ್ದೇನೆ. ಅವಸರವಿದ್ದವರೂ ಈ ಕ್ರಮವನ್ನು ಮಾತ್ರ ಬಿಡಬಾರದೆಂದು ಕೋರುತ್ತೇನೆ.

ಬಾಡಿದ ಗಿಡಕ್ಕೆ ನೀರು ಹಾಕುವ ಮುನ್ನ

ಗಿಡ ಬಾಡಿದೆಯೆಂದರೆ ಅದಕ್ಕೆ ನೀರು ಬೇಕೆಂದು ನಾವು ತಿಳಿಯುತ್ತೇವೆ. ಬೇಸಿಗೆಯಲ್ಲಿ ಅದು ಸಾಮಾನ್ಯವಾಗಿ ನಿಜ, ಮಳೆಗಾಲದಲ್ಲಿ ಹಲವು ಸಲ ಅದರ ವಿರುದ್ಧವೇ ನಿಜ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರು ತುಂಬಿಕೊಂಡಾಗ ಬೇರಿಗೆ ಉಸಿರಾಡಲಾಗುವುದಿಲ್ಲ, ಉಸಿರಾಡದ ಬೇರು ನೀರನ್ನು ಹೀರಲಾರದು, ಹೀಗಾಗಿ ನೀರಿನ ನಡುವೆಯೇ ನಿಂತ ಗಿಡ ನೀರಿಲ್ಲದ ಗಿಡದಂತೆ ಬಾಡುತ್ತದೆ. ಆಗ ಇನ್ನೊಂದು ಚೊಂಬು ನೀರು ಹಾಕಿದರೆ ಗಿಡ ಉಳಿಯುವುದು ಕಷ್ಟ.

ಆದ್ದರಿಂದ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣಿನೊಳಗೆ ಇಳಿಸಿ ನೋಡಿರಿ. ಒಳಗೆ ತಂಪು ಮತ್ತು ಅಂಟು ಇದ್ದರೆ ಅಂದು ನೀರು ಬೇಡ. ಮೇಲ್ಮಣ್ಣು ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುವುದು ಈ ಕಾಲದಲ್ಲಿ ಸಾಮಾನ್ಯ, ಅದರಲ್ಲೂ ತೆಂಗಿನ ನಾರಿನ ಪುಡಿ ಹೆಚ್ಚಾಗಿರುವ ಕುಂಡಗಳಲ್ಲಿ ಮೇಲ್ಪದರವನ್ನು ನಂಬುವಂತಿಲ್ಲ. ಚಿಕ್ಕ ಕುಂಡವಾದರೆ ಎತ್ತಿ ತೂಕ ನೋಡುವುದು ಇನ್ನೂ ಒಳ್ಳೆಯ ಅಭ್ಯಾಸ. ಕೆಲವು ದಿನಗಳಲ್ಲಿ ಒಣ ಕುಂಡದ ತೂಕ ಕೈಗೆ ತಾನಾಗಿ ಗೊತ್ತಾಗುತ್ತದೆ.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಕುಂಡವನ್ನು ಓರೆ ಮಾಡಿ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಹೊರತೆಗೆಯಿರಿ. ಆರೋಗ್ಯವಾದ ಬೇರು ಬಿಳಿಯಾಗಿ ಅಥವಾ ತಿಳಿ ಕಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಪ್ಪಾಗಿ ಮೆತ್ತಗಾಗಿರುತ್ತದೆ, ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬರುತ್ತದೆ, ಮೂಗಿಗೆ ಹಿಡಿದರೆ ಹುಳಿ ವಾಸನೆ ಬರುತ್ತದೆ. ಕೊಳೆತ ಭಾಗವನ್ನು ಸ್ವಚ್ಛವಾದ ಕತ್ತರಿಯಿಂದ ತೆಗೆದು, ಎಷ್ಟು ಬೇರು ಹೋಯಿತೋ ಅದಕ್ಕೆ ತಕ್ಕಂತೆ ಮೇಲಿನ ರೆಂಬೆಗಳನ್ನೂ ಕಡಿಮೆ ಮಾಡಿ, ಹೊಸ ಒಣ ಮಿಶ್ರಣದಲ್ಲಿ ನೆಟ್ಟು, ಮಳೆ ಬೀಳದ ಆದರೆ ಬೆಳಕಿರುವ ಜಾಗದಲ್ಲಿ ಇಡಿರಿ. ಚಿಗುರು ಕಾಣುವವರೆಗೆ ಗೊಬ್ಬರ ಕೊಡಬಾರದು.

ಟೊಮೆಟೊ, ಬದನೆ, ಮೆಣಸಿನಕಾಯಿ ಗಿಡಗಳು ಎಲೆ ಹಸಿರಾಗಿರುವಾಗಲೇ ಒಂದೆರಡು ದಿನದಲ್ಲಿ ಇಡಿಯಾಗಿ ಜೋತುಬಿದ್ದರೆ ಅದು ದುಂಡಾಣು ಸೊರಗು ರೋಗವಾಗಿರಬಹುದು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬುಡದ ಹತ್ತಿರ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ, ಆ ತುಂಡಿನ ಒಂದು ತುದಿಯನ್ನು ಗಾಜಿನ ಲೋಟದಲ್ಲಿನ ತಿಳಿನೀರಿಗೆ ತಾಗಿಸಿ ಕೆಲವು ನಿಮಿಷ ಅಲುಗಾಡದಂತೆ ಹಿಡಿಯಬೇಕು. ತುದಿಯಿಂದ ಹಾಲಿನಂಥ ಬಿಳಿ ಎಳೆ ನೀರಿನೊಳಗೆ ಇಳಿದರೆ ರೋಗ ಖಚಿತ. ಇದಕ್ಕೆ ಮದ್ದಿಲ್ಲ. ಗಿಡವನ್ನು ಕಿತ್ತು ಕಸಕ್ಕೆ ಕೊಡಬೇಕು, ಆ ಮಣ್ಣಿನಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆಯಬಾರದು. ಮುಂದಿನ ಸಲ ಟೊಮೆಟೊ ಹಾಕುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ಅರ್ಕಾ ರಕ್ಷಕ್ ತಳಿಯನ್ನು ಆರಿಸಿಕೊಳ್ಳಬಹುದು. ಎಲೆ ಮುದುಡು ನಂಜು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುವ ಗುಣ ಅದಕ್ಕಿದೆ.

ಕುಂಡ ಮತ್ತು ಮಣ್ಣು

ಕುಂಡದ ತಳದ ತೂತುಗಳು ಜೂನ್ ಮೊದಲ ವಾರದೊಳಗೆ ತೆರೆದಿವೆಯೇ ಎಂದು ಒಂದೊಂದಾಗಿ ನೋಡಬೇಕು, ಏಕೆಂದರೆ ವರ್ಷ ಕಳೆದ ಕುಂಡದಲ್ಲಿ ಬೇರೇ ತೂತನ್ನು ಮುಚ್ಚಿರುತ್ತದೆ. ಕುಂಡವನ್ನು ನೇರವಾಗಿ ತಾರಸಿಯ ಮೇಲೆ ಇಡದೆ ಎರಡು ಇಟ್ಟಿಗೆ ಅಥವಾ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟರೆ ನೀರು ಸರಾಗವಾಗಿ ಹರಿದುಹೋಗುತ್ತದೆ ಮತ್ತು ತಾರಸಿಯಲ್ಲಿ ತೇವ ಉಳಿದು ಮನೆಯ ಚಾವಣಿಗೆ ನೀರು ಇಳಿಯುವ ಭಯವೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದೇ ಬಿಡುವುದು ಒಳ್ಳೆಯದು. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುವುದರಿಂದ, ತಟ್ಟೆ ಇಡಲೇಬೇಕಾದ ಬಾಲ್ಕನಿಗಳಲ್ಲಿ ವಾರಕ್ಕೆ ಒಂದು ಸಲವಾದರೂ ನೀರು ಚೆಲ್ಲಿ ತಟ್ಟೆಯ ಒಳಮೈಯನ್ನು ಉಜ್ಜಿ ತೊಳೆಯಬೇಕು. ನೀರು ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುತ್ತವೆ.

ಕುಂಡದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರುಗಳ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ನುಣುಪಾದ ಮಣ್ಣಿನಲ್ಲಿರುವ ನೀರು ಕೆಳಗಿನ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಎರಡರ ಗಡಿಯಲ್ಲಿಯೇ ನಿಲ್ಲುತ್ತದೆ, ಹಾಗಾಗಿ ಒದ್ದೆಯ ವಲಯವು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಸಾಕು. ಬಸಿಯುವ ಗುಣ ಇಡೀ ಮಿಶ್ರಣದಲ್ಲಿರಬೇಕು.

ಬೆಂಗಳೂರಿನ ಕೆಂಪು ಮಣ್ಣು ಸತತ ಮಳೆಗೆ ಗಟ್ಟಿಯಾಗಿ ಕೂರುತ್ತದೆ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ ಎಂಬ ಸಾಮಾನ್ಯ ಲೆಕ್ಕ ಬೇಸಿಗೆಗೆ ಸರಿ. ಮಳೆಗಾಲದ ಕುಂಡಗಳಿಗೆ ನಾರಿನ ಪುಡಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ಅರ್ಧದ ಜಾಗಕ್ಕೆ ದಪ್ಪ ಮರಳು ಅಥವಾ ಭತ್ತದ ಹೊಟ್ಟನ್ನು ಸೇರಿಸುವುದು ನನ್ನ ಸಲಹೆ. ಎಂ ಸ್ಯಾಂಡ್ ಬಳಸುವವರು ಅದರಲ್ಲಿರುವ ಕಲ್ಲಿನ ನುಣ್ಣನೆಯ ಪುಡಿಯನ್ನು ತೊಳೆದು ತೆಗೆಯಬೇಕು, ಇಲ್ಲವಾದರೆ ಅದು ಮಣ್ಣಿನ ಸಂದುಗಳನ್ನು ಸಿಮೆಂಟಿನಂತೆ ತುಂಬಿಬಿಡುತ್ತದೆ. ಟ್ರೈಕೋಡರ್ಮಾ ಎಂಬುದು ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ. ಒಂದು ಕಿಲೋ ಕಾಂಪೋಸ್ಟಿಗೆ ಅದರ ಪುಡಿಯನ್ನು 10 ಗ್ರಾಂ ಬೆರೆಸಿ, ಸ್ವಲ್ಪ ತೇವ ಮಾಡಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಒಂದೆರಡು ವಾರ ಇಟ್ಟು ಆಮೇಲೆ ಮಣ್ಣಿಗೆ ಸೇರಿಸಿದರೆ ಬೇರು ಕೊಳೆಸುವ ಶಿಲೀಂಧ್ರಗಳಿಗೆ ಒಳ್ಳೆಯ ತಡೆ ಸಿಗುತ್ತದೆ. ರೋಗ ಬಂದ ಮೇಲೆ ಹಾಕುವುದಕ್ಕಿಂತ ಮುಂಗಾರಿಗೆ ಮೊದಲೇ ಹಾಕುವುದರಲ್ಲಿ ಇದರ ನಿಜವಾದ ಪ್ರಯೋಜನವಿದೆ.

ಜೋರು ಮಳೆ ಗೊಬ್ಬರದ ಸಾರವನ್ನೂ ತೊಳೆದುಕೊಂಡು ಹೋಗುತ್ತದೆ. ಕೆಳಗಿನ ಹಳೆಯ ಎಲೆಗಳು ಒಂದೇ ಸಮನಾಗಿ ಹಳದಿಯಾದರೆ ಸಾರಜನಕದ ಕೊರತೆಯೆಂದು ತಿಳಿದು, ಮಳೆ ಬಿಡುವು ಕೊಟ್ಟಾಗ ಒಂದು ಹಿಡಿ ಎರೆಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಬೇಕು. ತುದಿಯ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣಾಂಶದ ಕೊರತೆ. ಗಡಸು ಬೋರ್‌ವೆಲ್ ನೀರನ್ನು ಬಹುಕಾಲ ಹಾಕಿದ ಕುಂಡಗಳಲ್ಲಿ, ನೀರು ನಿಂತ ಕುಂಡಗಳಲ್ಲಿ ಇದು ಕಾಣುತ್ತದೆ. ಅಂಥ ಗಿಡಗಳಿಗೆ ಹಿಡಿದಿಟ್ಟ ಮಳೆನೀರು ಹಾಕುವುದು ಸುಲಭವಾದ ಚಿಕಿತ್ಸೆ.

ಬಿಸಿಲು ಎಲ್ಲಿಗೆ ಹೋಯಿತು

ಜೂನ್‌ನಲ್ಲಿ ಚೆನ್ನಾಗಿದ್ದ ಜಾಗವೇ ಡಿಸೆಂಬರ್‌ನಲ್ಲಿ ಗಿಡಕ್ಕೆ ಒಗ್ಗದಿರುವುದಕ್ಕೆ ಸ್ಪಷ್ಟ ಕಾರಣವಿದೆ. ದಕ್ಷಿಣಾಯನದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾ ಡಿಸೆಂಬರ್ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನವೂ ದಿಗಂತದಿಂದ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಮೇ–ಜುಲೈನಲ್ಲಿ ನೇರ ಬಿಸಿಲು ಬೀಳುತ್ತದೆ, ಚಳಿಗಾಲದಲ್ಲಿ ಬೀಳುವುದೇ ಇಲ್ಲ. ದಕ್ಷಿಣದ ಬಾಲ್ಕನಿಯದು ಇದಕ್ಕೆ ವಿರುದ್ಧ. ತಾರಸಿಯಲ್ಲಿಯೂ ದಕ್ಷಿಣದ ಕೈಪಿಡಿ ಗೋಡೆ ಮತ್ತು ಪಕ್ಕದ ಕಟ್ಟಡದ ನೆರಳು ಉದ್ದವಾಗುತ್ತದೆ.

ಆದ್ದರಿಂದ ದಸರಾ ಕಳೆದ ಮೇಲೆ ಒಂದು ರಜಾದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ತಾರಸಿಯಲ್ಲಿ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಗುರುತು ಮಾಡಿಕೊಂಡು ಕುಂಡಗಳನ್ನು ಸ್ಥಳಾಂತರಿಸಬೇಕು. ಟೊಮೆಟೊ, ಬೀನ್ಸ್, ಗುಲಾಬಿ, ಮೆಣಸಿನಕಾಯಿಗೆ ಆರು ಗಂಟೆಯ ಬಿಸಿಲು ಬೇಕು. ಪಾಲಕ್, ಕೊತ್ತಂಬರಿ, ಪುದೀನ, ದೊಡ್ಡಪತ್ರೆ ಮೂರು–ನಾಲ್ಕು ಗಂಟೆಯಲ್ಲಿಯೂ ಬರುತ್ತವೆ. ಇದಕ್ಕಿಂತ ಕಡಿಮೆ ಬಿಸಿಲಿರುವಲ್ಲಿ ತರಕಾರಿಗೆ ಪಟ್ಟು ಹಿಡಿಯದೆ ಎಲೆಗಿಡಗಳನ್ನು ಬೆಳೆಸುವುದೇ ವಿವೇಕ.

ಗಾಳಿಯ ವಿಷಯದಲ್ಲಿ ಹೇಳಬೇಕಾದದ್ದು ಚಿಕ್ಕದು. ಒಂದು ಗಿಡದ ಎಲೆ ಇನ್ನೊಂದಕ್ಕೆ ತಾಗದಷ್ಟು ಅಂತರವಿರಲಿ, ಟೊಮೆಟೊ ಮತ್ತು ಬದನೆಯಲ್ಲಿ ಮಣ್ಣಿನಿಂದ ಒಂದು ಗೇಣಿನವರೆಗಿನ ಎಲೆಗಳನ್ನು ತೆಗೆದುಬಿಡಿರಿ, ನೀರನ್ನು ಬುಡಕ್ಕೆ ಮಾತ್ರ ಮತ್ತು ಬೆಳಗ್ಗೆ ಮಾತ್ರ ಹಾಕಿರಿ. ಆಷಾಢದ ಗಾಳಿಗೆ ಎತ್ತರದ ತಾರಸಿಗಳಲ್ಲಿ ಕುಂಡ ಉರುಳುವುದರಿಂದ ಎತ್ತರದ ಗಿಡಗಳಿಗೆ ಊರುಗೋಲು ಕಟ್ಟಿ, ಗುಂಪಾಗಿ ಒಂದು ಗೋಡೆಯ ಮಗ್ಗುಲಿಗೆ ಇಡಬೇಕಾದೀತು. ಆಗಲೂ ನಡುವೆ ಒಂದು ಅಂಗೈಯಷ್ಟಾದರೂ ಜಾಗ ಬಿಡಿರಿ.

ಮೊಳಕೆ ಮತ್ತು ಸಸಿ

ಬೀಜ ಚೆನ್ನಾಗಿ ಮೊಳೆತು, ನಾಲ್ಕು ದಿನದ ಮೇಲೆ ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ ಸಾಲಾಗಿ ಮಲಗುವುದು ಈ ಕಾಲದ ಅತ್ಯಂತ ಬೇಸರದ ತೊಂದರೆ. ಮಣ್ಣಿನಲ್ಲಿರುವ ಶಿಲೀಂಧ್ರಗಳಿಂದ ಬರುವ ಈ ಸಸಿ ಕೊಳೆ ರೋಗಕ್ಕೆ ಒದ್ದೆ ಮಣ್ಣು, ಒತ್ತಾದ ಬಿತ್ತನೆ, ಕಡಿಮೆ ಬೆಳಕು ಮೂರೂ ಅನುಕೂಲ. ಬಿದ್ದ ಸಸಿ ಮತ್ತೆ ಏಳುವುದಿಲ್ಲ, ಹಾಗಾಗಿ ಗಮನವೆಲ್ಲ ಬಿತ್ತನೆಯ ಮೊದಲೇ ಇರಬೇಕು. ಸಸಿಗೆ ತೋಟದ ಮಣ್ಣನ್ನು ಬಳಸದೆ ತೊಳೆದ ನಾರಿನ ಪುಡಿ ಮತ್ತು ಜರಡಿ ಹಿಡಿದ ಎರೆಗೊಬ್ಬರವನ್ನು ಬಳಸಿರಿ. ಹಳೆಯ ಟ್ರೇಗಳನ್ನು ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿರಿ. ಬೀಜವನ್ನು ಒಂದು ಚಿಟಿಕೆ ಟ್ರೈಕೋಡರ್ಮಾ ಪುಡಿಯಲ್ಲಿ ಹೊರಳಿಸಿ, ಬೀಜದ ದಪ್ಪದ ಎರಡರಷ್ಟು ಆಳಕ್ಕಿಂತ ಕೆಳಗೆ ಹೋಗದಂತೆ ಬಿತ್ತಿರಿ. ಮೊಳಕೆ ಕಂಡ ದಿನವೇ ಮೇಲಿನ ಹೊದಿಕೆ ತೆಗೆದು, ಮಳೆಹನಿ ಬೀಳದ ಸೂರಿನ ಅಂಚಿಗೆ, ಬೆಳಕಿರುವಲ್ಲಿಗೆ ತರಬೇಕು. ಒಂದು ಮೂಲೆಯಲ್ಲಿ ಎರಡು ಸಸಿ ಮಲಗಿದವೆಂದರೆ ಅವುಗಳ ಸುತ್ತಲಿನ ಮಿಶ್ರಣವನ್ನೂ ಚಮಚದಿಂದ ತೆಗೆದು, ಉಳಿದುದಕ್ಕೆ ಲೀಟರಿಗೆ 10 ಗ್ರಾಂ ಟ್ರೈಕೋಡರ್ಮಾ ಕದಡಿದ ನೀರನ್ನು ಹಾಕಿ, ಎರಡು ದಿನ ನೀರು ನಿಲ್ಲಿಸಿರಿ.

ಎಲೆಯ ರೋಗಗಳು

ಇಲ್ಲಿ ಗುರುತಿಸುವಿಕೆಯೇ ಅರ್ಧ ಕೆಲಸ, ಏಕೆಂದರೆ ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಫಲ ಕೊಡುವುದಿಲ್ಲ.

ಬೂದಿ ರೋಗ: ಎಲೆಯ ಮೇಲೆ ವಿಭೂತಿ ಉದುರಿಸಿದಂತೆ ಬಿಳಿ ಪುಡಿ ಕಂಡರೆ ಇದೇ. ಎಲೆ ಒದ್ದೆಯಾಗಿರಬೇಕೆಂಬ ನಿಯಮ ಇದಕ್ಕಿಲ್ಲ. ಮಳೆ ನಿಂತು, ಹಗಲು ಹಿತವಾಗಿ, ರಾತ್ರಿ ತಂಪಾಗಿ ಗಾಳಿಯಲ್ಲಿ ತೇವ ಉಳಿಯುವ ನವೆಂಬರ್–ಫೆಬ್ರವರಿಯಲ್ಲಿ ಕುಂಬಳ, ಸೌತೆ, ಬಟಾಣಿ, ಗುಲಾಬಿಗಳಿಗೆ ಹೆಚ್ಚಾಗಿ ಬರುತ್ತದೆ. ಮೊದಲ ಚುಕ್ಕೆ ಕಂಡಾಗ ಒಂದು ಭಾಗ ಹಾಲಿಗೆ ಒಂಬತ್ತು ಭಾಗ ನೀರು ಸೇರಿಸಿ, ಬಿಸಿಲಿರುವ ಬೆಳಗ್ಗೆ ವಾರಕ್ಕೊಮ್ಮೆ ಸಿಂಪಡಿಸಿದರೆ ಹತೋಟಿಗೆ ಬರುವುದುಂಟು. ಹೆಚ್ಚಾದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬಳಸಬೇಕು. ಬೇವಿನ ಎಣ್ಣೆ ಸಿಂಪಡಿಸಿ ಎರಡು ವಾರ ಆಗುವ ಮೊದಲು ಗಂಧಕ ಸಿಂಪಡಿಸಿದರೆ ಎಲೆ ಸುಟ್ಟಂತಾಗುತ್ತದೆ. ಸೌತೆ, ಕರಬೂಜದಂಥ ಬಳ್ಳಿಗಳಲ್ಲಿ ಕೆಲವಕ್ಕೆ ಗಂಧಕ ಒಗ್ಗದಿರುವುದರಿಂದ ಮೊದಲು ಒಂದು ಎಲೆಗೆ ಹಾಕಿ ಎರಡು ದಿನ ಕಾದು ನೋಡಿರಿ.

ಅಂಗಮಾರಿ: ಟೊಮೆಟೊದ ಕೆಳಗಿನ ಎಲೆಗಳಲ್ಲಿ ಒಂದರೊಳಗೊಂದು ಉಂಗುರವಿರುವ ಕಂದು ಚುಕ್ಕೆಗಳಾದರೆ ಅದು ಮುಂಚಿನ ಅಂಗಮಾರಿ, ನಿಧಾನವಾಗಿ ಮೇಲೇರುತ್ತದೆ. ಆ ಎಲೆಗಳನ್ನು ತೆಗೆದು, ಮಣ್ಣು ಎಲೆಗೆ ಸಿಡಿಯದಂತೆ ಒಣ ಎಲೆಗಳ ಹೊದಿಕೆ ಹಾಕಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಎಣ್ಣೆ ಸವರಿದಂತೆ ಒದ್ದೆಯಾದ ಬೂದು–ಹಸಿರು ಮಚ್ಚೆಗಳು, ಬೆಳಗ್ಗೆ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು, ಕಾಂಡದ ಮೇಲೆ ಕಪ್ಪು–ಕಂದು ಪಟ್ಟೆ ಕಂಡರೆ ಅದು ತಡವಾದ ಅಂಗಮಾರಿ, ಮೋಡ ಮುಸುಕಿದ ತಂಪು ದಿನಗಳಲ್ಲಿ ಒಂದೇ ವಾರದಲ್ಲಿ ಇಡೀ ಗಿಡವನ್ನು ಮುಗಿಸುತ್ತದೆ. ಅಂಥ ಗಿಡದ ಮೇಲೆ ಮಮತೆ ತೋರಿದರೆ ಪಕ್ಕದ ಗಿಡಗಳೂ ಹೋಗುತ್ತವೆ. ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ, ಉಳಿದವಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧವನ್ನು ಎಲೆಯ ಎರಡೂ ಬದಿಗೆ ಸಿಂಪಡಿಸಿರಿ.

ಗುಲಾಬಿಯ ಕಪ್ಪು ಚುಕ್ಕೆ: ಅಂಚು ಹರಿದಂತಿರುವ ಕಪ್ಪು ಚುಕ್ಕೆ, ಸುತ್ತ ಹಳದಿ, ಆಮೇಲೆ ಎಲೆ ಉದುರುವಿಕೆ. ಎಲೆಯ ಮೇಲೆ ನೀರು ಏಳೆಂಟು ಗಂಟೆ ನಿಂತರೆ ಸಾಕು, ರೋಗ ಒಳಗೆ ಇಳಿಯುತ್ತದೆ. ಉದುರಿದ ಎಲೆಗಳಲ್ಲಿಯೇ ಅದು ಉಳಿದುಕೊಳ್ಳುವುದರಿಂದ ಕುಂಡದಲ್ಲಿ ಒಂದೂ ಎಲೆ ಬಿಡದಂತೆ ಆರಿಸಬೇಕು. ಮಳೆಯ ಜೋರು ಇಳಿಯುವ ಅಕ್ಟೋಬರ್ ಕೊನೆಯಲ್ಲಿ ಗಿಡವನ್ನು ಸವರಿ, ಒಣಗಿದ ಮತ್ತು ಒಳಮುಖವಾಗಿ ಬೆಳೆದ ಕೊಂಬೆಗಳನ್ನು ತೆಗೆದು, ಕತ್ತರಿಸಿದ ತುದಿಗಳಿಗೆ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣದ ಗಟ್ಟಿ ಲೇಪ) ಹಚ್ಚಿದರೆ ಡಿಸೆಂಬರ್ ಹೊತ್ತಿಗೆ ಆರೋಗ್ಯವಾದ ಚಿಗುರಿನಲ್ಲಿ ಹೂ ಬರುತ್ತವೆ.

ಸಿಂಪಡಿಸಲು ಬೇಕಾದ ಶೇಕಡ 1ರ ಬೋರ್ಡೋ ದ್ರಾವಣವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಒಂದು ಪ್ಲಾಸ್ಟಿಕ್ ಬಕೆಟಿನಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನೊಂದರಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಸುಣ್ಣ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತಾ ಸುರಿಯಬೇಕು. ಹೊಳೆಯುವ ಚಾಕುವಿನ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಬಣ್ಣ ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಅಂದೇ ಬಳಸಿ ಮುಗಿಸಬೇಕು, ಲೋಹದ ಪಾತ್ರೆ ಬಳಸಬಾರದು. ತಾಮ್ರದ ಯಾವುದೇ ಔಷಧವನ್ನು ಟ್ರೈಕೋಡರ್ಮಾ ಹಾಕಿದ ಮಣ್ಣಿಗೆ ಸುರಿಯಬಾರದು, ಅದು ನಾವು ಸಾಕಿದ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಕೀಟಗಳು, ಬಸವನಹುಳು

ದಾಸವಾಳದ ಕುಡಿಯಲ್ಲಿ ಹತ್ತಿಯಂತೆ ಅಂಟಿರುವ ಹಿಟ್ಟು ತಿಗಣೆ, ಅವರೆ ಮತ್ತು ಬೀನ್ಸಿನ ಚಿಗುರಿನಲ್ಲಿ ಗುಂಪುಗೂಡುವ ಹೇನು, ಇವೆರಡಕ್ಕೂ ಮೊದಲ ಚಿಕಿತ್ಸೆ ಜೋರಾಗಿ ಹಾಯಿಸಿದ ನೀರು. ಉಳಿದವಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಅದು ಬೆರೆಯುವಷ್ಟು ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಬೇಕು, ವಾರ ಬಿಟ್ಟು ಮತ್ತೆ ಸಿಂಪಡಿಸಬೇಕು. ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ಅವುಗಳನ್ನೂ ತಡೆಯಿರಿ, ಏಕೆಂದರೆ ಸಿಹಿ ದ್ರವಕ್ಕಾಗಿ ಇರುವೆಗಳು ಈ ಕೀಟಗಳನ್ನು ಶತ್ರುಗಳಿಂದ ಕಾಯುತ್ತವೆ. ಕರಿಬೇವು ಮತ್ತು ನಿಂಬೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳು. ಗಿಡ ದೊಡ್ಡದಿದ್ದರೆ ಅದರ ಪಾಡಿಗೆ ಬಿಡಿ, ಚಿಕ್ಕ ಗಿಡವಾದರೆ ಕೈಯಿಂದ ತೆಗೆಯಿರಿ. ಚಳಿಯಲ್ಲಿ ಕರಿಬೇವು ಚಿಗುರದೆ ಎಲೆ ಉದುರಿಸುವುದು ಅದರ ಸಹಜ ವಿಶ್ರಾಂತಿ, ಆಗ ಗೊಬ್ಬರ ಬೇಡ, ನೀರೂ ಕಡಿಮೆ ಸಾಕು.

ನೆಲದ ತೋಟವಿರುವ ಮನೆಗಳಲ್ಲಿ ಆಫ್ರಿಕಾದ ದೈತ್ಯ ಬಸವನಹುಳು ಮೊದಲ ಮಳೆಗೇ ಹೊರಬರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಸಸಿಗಳ ಸಾಲನ್ನೇ ತಿಂದು ಹಾಕುತ್ತದೆ. ಸಂಜೆ ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯದ ಎಲೆ ಅಥವಾ ಎಲೆಕೋಸಿನ ಸಿಪ್ಪೆ ಇಟ್ಟು, ಬೆಳಗ್ಗೆ ಚೀಲ ಎತ್ತಿ ಅಲ್ಲಿ ಸೇರಿದ ಹುಳುಗಳನ್ನು ಆರಿಸಿ ಗಾಢ ಉಪ್ಪುನೀರಿನ ಬಕೆಟಿಗೆ ಹಾಕಬೇಕು. ಇವು ಮನುಷ್ಯರಿಗೂ ಸೋಂಕು ತರುವ ಪರಾವಲಂಬಿಗಳನ್ನು ಹೊತ್ತಿರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು, ಹುಳು ಹರಿದಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಬಾರದು. ಉಪ್ಪನ್ನು ನೇರವಾಗಿ ಮಣ್ಣಿಗೆ ಎರಚಿದರೆ ಗಿಡವೇ ಕೆಡುತ್ತದೆ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆಗಳು ನಾಯಿಗಳಿಗೆ ಮಾರಕ, ಸಾಕುಪ್ರಾಣಿ ಅಥವಾ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವು ಬೇಡವೇ ಬೇಡ.

ಮಳೆಗಾಲದ ಕಾಂಪೋಸ್ಟ್

ನಾರುವ, ನೀರು ಸೋರುವ ಕಾಂಪೋಸ್ಟ್ ಡಬ್ಬಿಗೆ ಬೇಕಾಗಿರುವುದು ಒಣ ಪದಾರ್ಥ. ಒಂದು ಪಾಲು ಅಡುಗೆಮನೆಯ ಹಸಿಕಸಕ್ಕೆ ಅಷ್ಟೇ ಅಥವಾ ಅದರ ಎರಡರಷ್ಟು ಒಣ ಎಲೆ, ನಾರಿನ ಪುಡಿ, ಹರಿದ ಕಾಗದ ಸೇರಿಸಿ ಕೈಯಾಡಿಸಿದರೆ ವಾಸನೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಬೇಸಿಗೆಗೆ ಮುನ್ನ ರಸ್ತೆಬದಿಯ ಮರಗಳು ಎಲೆ ಉದುರಿಸುವಾಗಲೇ ಎರಡು ಗೋಣಿಚೀಲ ಒಣ ಎಲೆ ತುಂಬಿ ನೆನೆಯದಂತೆ ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಈ ಚಿಂತೆಯಿರುವುದಿಲ್ಲ. ರೋಗ ಬಂದ ಟೊಮೆಟೊ, ಗುಲಾಬಿಯ ಎಲೆಗಳನ್ನು ಮನೆಯ ಡಬ್ಬಿಗೆ ಹಾಕಬಾರದು, ಅಲ್ಲಿ ರೋಗಾಣು ಸಾಯುವಷ್ಟು ಬಿಸಿ ಏರುವುದಿಲ್ಲ.

ಔಷಧ ಸಿಂಪಡಿಸುವಾಗ, ಮತ್ತು ತಜ್ಞರಿಗೆ ತೋರಿಸುವಾಗ

ಕೈಗವಸು ಮತ್ತು ಮುಖಗವಸು ಧರಿಸಿ, ಗಾಳಿ ಇಲ್ಲದ ಹೊತ್ತಿನಲ್ಲಿ, ಮುಂದಿನ ಕೆಲವು ಗಂಟೆ ಮಳೆ ಬಾರದೆಂದು ಅನ್ನಿಸಿದ ದಿನ ಸಿಂಪಡಿಸಿರಿ. ಎರಡು ಔಷಧಗಳನ್ನು ನಿಮ್ಮದೇ ಅಂದಾಜಿನಲ್ಲಿ ಬೆರೆಸಬೇಡಿ. ತಿನ್ನುವ ಸೊಪ್ಪಿಗೆ ತಾಮ್ರ, ಗಂಧಕಗಳನ್ನು ಬಳಸದಿರುವುದು ಮೇಲು. ತರಕಾರಿಗೆ ಬಳಸಿದಾಗ ಪೊಟ್ಟಣದ ಮೇಲೆ ಬರೆದಿರುವಷ್ಟು ದಿನ ಕಾದು, ಚೆನ್ನಾಗಿ ತೊಳೆದು ಅಡುಗೆಗೆ ತೆಗೆದುಕೊಳ್ಳಬೇಕು.

ಇಷ್ಟು ಮಾಡಿದರೂ ಕಾರಣ ತಿಳಿಯದಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅಥವಾ ಹೆಬ್ಬಾಳದ ಬಳಿಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕೇಳುವುದು ಉತ್ತಮ. ವಿಶ್ವವಿದ್ಯಾಲಯವು ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಸುವ ಕೃಷಿ ಮೇಳವೂ ಅದಕ್ಕೆ ಒಳ್ಳೆಯ ಸಂದರ್ಭ. ಮಾದರಿ ಒಯ್ಯುವಾಗ ಪೂರ್ತಿ ಸತ್ತ ಎಲೆ ಬೇಡ. ಈಗಷ್ಟೇ ರೋಗ ಹತ್ತಿದ ಎಲೆಯನ್ನೂ ಒಂದು ಆರೋಗ್ಯವಾದ ಎಲೆಯನ್ನೂ, ಸಾಧ್ಯವಾದರೆ ಸ್ವಲ್ಪ ಬೇರನ್ನೂ, ಒಣ ಕಾಗದದಲ್ಲಿ ಬೇರೆಬೇರೆಯಾಗಿ ಸುತ್ತಿ ಒಯ್ಯಿರಿ, ಏಕೆಂದರೆ ಪ್ಲಾಸ್ಟಿಕ್ ಚೀಲದಲ್ಲಿ ಅವು ದಾರಿಯಲ್ಲೇ ಕೊಳೆತು ಗುರುತು ಸಿಗದಂತಾಗುತ್ತವೆ. ಕುಂಡ ಯಾವ ದಿಕ್ಕಿನಲ್ಲಿದೆ, ದಿನಕ್ಕೆ ಎಷ್ಟು ಬಿಸಿಲು ಬೀಳುತ್ತದೆ, ಕೊನೆಯ ಸಲ ನೀರು, ಗೊಬ್ಬರ, ಔಷಧ ಯಾವಾಗ ಯಾವ ಪ್ರಮಾಣದಲ್ಲಿ ಕೊಟ್ಟಿರಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಿರಿ.